ಎರಡು ಬಾರಿ ಬಿದ್ದ ಆಟಗಾರ

ಜಪಾನಿನ ಬ್ಯಾಡ್ಮಿಂಟನ್ ಪಟು ಕೆಂಟೊ ಮೊಮೊಟಾ 1994ರಲ್ಲಿ ಕಗಾವಾ ಪ್ರಾಂತದಲ್ಲಿ ಜನಿಸಿದನು. ಎಡಗೈಯ ಈ ಆಟಗಾರ ನೆಟ್ಟಿನ ಬಳಿಯ ನಯವಾದ ಆಟಕ್ಕೆ ಹೆಸರಾದನು. 2016ರಲ್ಲಿ ಕಾನೂನುಬಾಹಿರ ಜೂಜಿನ ಮನೆಗೆ ಹೋದ ತಪ್ಪಿಗೆ ನಿಷೇಧಿತನಾಗಿ ರಿಯೊ ಒಲಿಂಪಿಕ್ಸಿನ ಅವಕಾಶವನ್ನು ಕಳೆದುಕೊಂಡನು. 2017ರಲ್ಲಿ ಸಣ್ಣ ಪಂದ್ಯಗಳಿಂದ ಮತ್ತೆ ಆರಂಭಿಸಿ, 2018 ಹಾಗೂ 2019ರಲ್ಲಿ ವಿಶ್ವ ಚಾಂಪಿಯನ್ ಆದನು. 2019ರೊಂದರಲ್ಲೇ 11 ಪ್ರಶಸ್ತಿಗಳನ್ನು ಗಳಿಸಿದನು.

2020ರ ಜನವರಿಯಲ್ಲಿ ಮಲೇಷ್ಯಾದಲ್ಲಿ ಆತನಿದ್ದ ವಾಹನ ಅಪಘಾತಕ್ಕೀಡಾಯಿತು. ಚಾಲಕನು ಮೃತನಾದನು, ಮೊಮೊಟಾನ ಕಣ್ಣಿನ ಗೂಡಿನ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯ ಬಳಿಕ ಆಡಿದನಾದರೂ ಹಿಂದಿನ ಆಟ ಮರಳಲಿಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಗುಂಪಿನ ಹಂತದಲ್ಲೇ ಹೊರಬಿದ್ದನು. 2024ರಲ್ಲಿ ರಾಷ್ಟ್ರೀಯ ತಂಡದಿಂದ ನಿವೃತ್ತನಾದನು.

ಮೊದಲ ಪತನ ಸ್ವಯಂಕೃತ. ಪರಿಶ್ರಮದಿಂದ ಅದನ್ನು ಗೆದ್ದನು. ಎರಡನೆಯದು ವಿಧಿಯ ಪೆಟ್ಟು. ಪರಿಶ್ರಮವೂ ಅಲ್ಲಿ ಸಾಲಲಿಲ್ಲ. ಸಾಲದೆಂದು ಕಂಡಮೇಲೂ ಅಂಗಳ ಬಿಡದೆ ಆಡಿದ ಆ ವರ್ಷಗಳೇ ಆತನ ಹಿರಿಮೆಯೆಂದು ನಾವು ತಿಳಿಯಬೇಕು.