ಕಾಣದ ನೀರುಕೋಳಿಯನ್ನು ಕೂಗಿನಿಂದ ಗುರ್ತಿಸುವ ಬಗೆ

ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತದ ನಾಟಿ ಮುಗಿದು ಮೋಡ ಕವಿದ ದಿವಸಗಳು ಬಂದವೆಂದರೆ, ಗದ್ದೆಯಂಚಿನ ಪೊದೆಗಳಿಂದ "ಕ್ರ್-ಕ್ವಾಕ್-ಕ್ವಾಕ್" ಎಂಬ ಕೂಗು ಹಗಲಿರುಳೂ ಕೇಳಿಬರುವುದುಂಟು. ಕೂಗುವ ಪ್ರಾಣಿಯು ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಪೈರು ತುಂಡಾಗಿ ಬಿದ್ದಿದ್ದರೆ, ರಾತ್ರಿಯೆಲ್ಲಾ ಕೂಗಿದುದೇ ಅದನ್ನು ಕಡಿಯಿತೆಂದು ರೈತರು ಭಾವಿಸಿ ಆ ಪೊದೆಯ ಬಾಯಿಗೆ ಉರುಲೊಡ್ಡುತ್ತಾರೆ. ಇದು ತಪ್ಪೆಣಿಕೆ.

ಹೀಗೆ ಕೂಗುವುದು ಹುಂಡುಕೋಳಿ. ಗಾತ್ರದಲ್ಲಿ ಕೌಜುಗನಷ್ಟು, ಬೆನ್ನು ಕರಿಬೂದು, ಮುಖವೂ ಎದೆಯೂ ಬಿಳುಪು, ಗಿಡ್ಡ ಬಾಲದ ಕೆಳಗೆ ಇಟ್ಟಿಗೆಗೆಂಪು. ಇದರ ಕೂಗಿಗೆ ಒಂದು ಕ್ರಮವುಂಟು. ಮೊದಲು ಯಾರೋ ಗೊರಗುಟ್ಟಿ ಕ್ಯಾಕರಿಸಿದಂತಹ ಒರಟು ಸದ್ದು. ತರುವಾಯ ಒಂದೇ ಸಮನಾದ "ಕ್ರ್-ಕ್ವಾಕ್-ಕ್ವಾಕ್", ಒಂದೊಂದು ವೇಳೆ ಕಾಲು ಗಂಟೆಯವರೆಗೂ ಬಿಡುವಿಲ್ಲದೆ ನಡೆಯುವುದು. ಕಪ್ಪೆಗಳು ವಟಗುಟ್ಟುವಾಗ ಸದ್ದು ಗದ್ದೆಯ ನಾನಾ ಕಡೆಗಳಿಂದ ಏಳುವುದು. ಇದಾದರೋ ಒಂದೇ ಪೊದೆಯಿಂದ ಬರುವುದು. ಮಳೆಗಾಲವು ಮರಿಮಾಡುವ ಕಾಲವಾದುದರಿಂದ ಇಷ್ಟು ಗದ್ದಲ. ಬೇಸಿಗೆಯಲ್ಲಿ ಅದೇ ಹಕ್ಕಿಯು ಅದೇ ಪೊದೆಯಲ್ಲಿದ್ದರೂ ಬಾಯಿ ಬಿಡುವುದು ಅಪೂರ್ವ. ಹುಳುಹುಪ್ಪಟೆ, ಬಸವನಹುಳು, ಸಣ್ಣ ಮೀನು ಇದರ ಮುಖ್ಯವಾದ ಆಹಾರ. ಕಾಳನ್ನೂ ತಿನ್ನದೆ ಇಲ್ಲ. ಆದರೆ ಪೈರನ್ನು ಕಡಿದು ಕೆಡಹುವುದು ಇದರ ಕೆಲಸವಲ್ಲ.

ಆ ಕೆಲಸವು ಜಂಬುಕೋಳಿಯದು. ಇದು ಊರಕೋಳಿಯಷ್ಟು ದೊಡ್ಡದು, ನೇರಳೆ ಬೆರೆತ ನೀಲಿ ಬಣ್ಣದ್ದು. ಕೊಕ್ಕು, ಹಣೆ, ನೀಳವಾದ ಕಾಲು ಇವು ಕೆಂಪು. ಕೆರೆಯ ಜಂಬಿನಲ್ಲಿ ಗುಂಪಾಗಿ ವಾಸಿಸುವುದು. ಇದರ ಕೂಗಿಗೆ ತಾಳವೆಂಬುದಿಲ್ಲ. ಮುರುಕು ಕಹಳೆಯನ್ನು ಮೂಗಿನಿಂದ ಊದಿದಂತೆ ಒಂದು ಕೂಗಿದರೆ ಸುತ್ತಲಿನವು ಗೊಳ್ಳೆಂದು ಉತ್ತರಕೊಡುವುವು. ಗದ್ದೆಗಿಳಿದು ಎಳೆಯ ತೆಂಡೆಯನ್ನು ಕಾಲಿನಲ್ಲಿ ಹಿಡಿದು, ಕೊಕ್ಕಿನಿಂದ ಕಡಿದು, ಮೆದುವಾದ ಭಾಗವನ್ನು ಮಾತ್ರ ತಿಂದು ಉಳಿದುದನ್ನು ಬಿಸುಡುವುದು. ತಿಂದುದಕ್ಕಿಂತ ಕೆಡಿಸಿದುದೇ ಹೆಚ್ಚಾಗಿ ಕಾಣುವುದು.

ಆದಕಾರಣ ಪೈರು ನಷ್ಟವಾದಲ್ಲಿ ಉರುಲು ಹುಡುಕುವುದಕ್ಕೆ ಮುಂಚೆ, ನಸುಕಿನಲ್ಲಿ ಬದುವಿನ ಮೇಲೆ ಸದ್ದಿಲ್ಲದೆ ಕುಳಿತು ಆಲಿಸತಕ್ಕದ್ದು. ಕಹಳೆಯ ಸದ್ದು ಜಂಬಿನ ಕಡೆಯಿಂದ ಬಂದರೆ, ಪೈರು ಬಲಿಯುವವರೆಗೆ ಆ ಮಗ್ಗುಲಿಗೆ ಕಾವಲಿಟ್ಟು ತಮಟೆ ಬಡಿದು ಓಡಿಸುವುದು ಯುಕ್ತ. ಪೊದೆಯ ಕೂಗೊಂದೇ ಕೇಳಿಬಂದಲ್ಲಿ ಬದುವಿನ ಬಿಲಗಳನ್ನು ನೋಡತಕ್ಕದ್ದು. ಏಡಿಗಳೂ ಎಳೆಯ ಪೈರನ್ನು ಕತ್ತರಿಸುವುದುಂಟು. ಈ ಎರಡು ಹಕ್ಕಿಗಳಿಗೂ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಶಾಸನದ ರಕ್ಷಣೆಯಿರುವುದರಿಂದ, ಗ್ರಾಮದ ಮುಖಂಡರು ಉರುಲುಗಳನ್ನು ಕಂಡೊಡನೆ ತೆಗೆಯಿಸತಕ್ಕದ್ದು.