ಅಹಮದಾಬಾದಿನ ಕೋಟೆಯೊಳಗಿನ ಪೇಟೆ: ವರ್ತಕರಿಗೊಂದು ಪಾಠ

ಬಟ್ಟೆ, ರಾಸಾಯನಿಕ, ಯಂತ್ರಭಾಗಗಳ ಖರೀದಿಗಾಗಿ ಅಹಮದಾಬಾದಿಗೆ ಹೋಗಿಬರುವ ನಮ್ಮ ವರ್ತಕರು ಅನೇಕರಿದ್ದಾರೆ. ವ್ಯವಹಾರ ಮುಗಿದೊಡನೆ ರೈಲು ಹತ್ತುವುದೇ ಬಹುಪಾಲು ರೂಢಿ. ಆದರೆ ಒಂದು ಬೆಳಗಿನ ಎರಡು ಗಂಟೆಗಳನ್ನು ಮೀಸಲಿಟ್ಟರೆ, ಸುಮಾರು 600 ವರ್ಷಗಳಿಂದ ವ್ಯಾಪಾರವನ್ನೇ ಉಸಿರಾಗಿಸಿಕೊಂಡ ನಗರವೊಂದರ ರಚನೆಯನ್ನು ಕಾಲ್ನಡಿಗೆಯಲ್ಲಿಯೇ ಅರಿಯಬಹುದು.

1411ರಲ್ಲಿ ಸುಲ್ತಾನ್ ಅಹಮದ್ ಷಾ ಸಾಬರಮತಿಯ ಪೂರ್ವ ದಡದಲ್ಲಿ ಈ ನಗರವನ್ನು ಸ್ಥಾಪಿಸಿದನು. ಅದೇ ಶತಮಾನದ ಕೊನೆಯ ಭಾಗದಲ್ಲಿ ಮಹಮೂದ್ ಬೇಗಡಾ ಹೊರಗೋಡೆಯನ್ನು ಕಟ್ಟಿಸಿದನು. ಗೋಡೆಯ ಬಹುಭಾಗ ಇಪ್ಪತ್ತನೆಯ ಶತಮಾನದಲ್ಲಿ ನೆಲಸಮವಾಯಿತಾದರೂ ದೆಹಲಿ ದರ್ವಾಜಾ, ದರಿಯಾಪುರ ದರ್ವಾಜಾ ಮೊದಲಾದ ಬಾಗಿಲುಗಳು ಉಳಿದಿವೆ. 2017ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ನಗರವೆಂದು ಘೋಷಿಸಿತು. ಭಾರತದಲ್ಲಿ ಈ ಮನ್ನಣೆ ಪಡೆದ ಮೊದಲ ನಗರವಿದು.

ನಡಿಗೆಯ ದಾರಿ

ನಗರಪಾಲಿಕೆಯು 1997ರಲ್ಲಿ ಆರಂಭಿಸಿದ ಪರಂಪರಾ ನಡಿಗೆಯು ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ಮಾರ್ಗದುದ್ದಕ್ಕೂ ‘ಪೋಳ್’ಗಳೆಂಬ ಕೇರಿಗಳು ಎದುರಾಗುತ್ತವೆ. ಒಂದು ಪೋಳಿಗೆ ಒಂದು ಹೆಬ್ಬಾಗಿಲು. ಒಳಗೆ ಒಂದೇ ಜಾತಿಯ ಅಥವಾ ಒಂದೇ ಕಸುಬಿನ ಕುಟುಂಬಗಳು. ಕೆತ್ತನೆಯ ಮರದ ಮನೆಗಳು. ಅಂಗಳದಡಿ ಮಳೆನೀರನ್ನು ಕೂಡಿಡುವ ‘ಟಾಂಕಾ’. ಹಕ್ಕಿಗಳಿಗೆ ಕಾಳು ಹಾಕುವ ‘ಚಬೂತರೊ’. ಆಪತ್ತಿನಲ್ಲಿ ಒಂದು ಪೋಳಿನಿಂದ ಇನ್ನೊಂದಕ್ಕೆ ದಾಟಲು ಗುಪ್ತ ಓಣಿಗಳೂ ಉಂಟು.

ಮಸೀದಿಯ ಬಳಿಯಲ್ಲೇ ಮಾಣೆಕ್ ಚೌಕ್ ಇದೆ. ಬೆಳಿಗ್ಗೆ ತರಕಾರಿ, ಹಗಲು ಚಿನ್ನಬೆಳ್ಳಿ, ರಾತ್ರಿ ತಿಂಡಿತಿನಿಸು. ಹೀಗೆ ಒಂದೇ ಜಾಗವು ದಿನಕ್ಕೆ ಮೂರು ವ್ಯಾಪಾರಗಳಿಗೆ ಒದಗುತ್ತದೆ. 1894ರಲ್ಲಿ ಸ್ಥಾಪಿತವಾದ ಷೇರು ವಿನಿಮಯ ಕೇಂದ್ರದ ಹಳೆಯ ಕಟ್ಟಡವೂ ಇಲ್ಲಿಯೇ ಇದೆ. ಸಮೀಪದ ರತನ್ ಪೋಳ್ ಸೀರೆ, ಜವಳಿಗೆ ಹೆಸರಾದುದು. ನಡಿಗೆಯ ವೇಳೆ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುವುದರಿಂದ ಮಧ್ಯಾಹ್ನ ಮತ್ತೊಮ್ಮೆ ಬರುವುದು ಲೇಸು.

ಮಹಾಜನರ ಹೊಣೆ

ಈ ಪೇಟೆಯನ್ನು ಕಾಪಾಡಿದ್ದು ಕೇವಲ ಗೋಡೆಯಲ್ಲ. ಪ್ರತಿ ಕಸುಬಿಗೂ ‘ಮಹಾಜನ’ವೆಂಬ ವರ್ತಕ ಸಂಘವಿದ್ದು, ಎಲ್ಲಕ್ಕೂ ಮೇಲೆ ನಗರಸೇಠನಿದ್ದನು. 1725ರಲ್ಲಿ ಮರಾಠಾ ಸೈನ್ಯ ನಗರವನ್ನು ಲೂಟಿ ಮಾಡಲಿದ್ದಾಗ ನಗರಸೇಠ ಖುಶಾಲಚಂದನು ಸ್ವಂತ ಹಣ ತೆತ್ತು ಊರನ್ನು ಉಳಿಸಿದನು. ಪ್ರತಿಯಾಗಿ, ನಗರದಲ್ಲಿ ಮುದ್ರೆ ಬೀಳುವ ಸರಕಿನ ಪ್ರತಿ 100 ರೂಪಾಯಿಗೆ 4 ಆಣೆಯಂತೆ ಅವನ ವಂಶಕ್ಕೆ ಸಲ್ಲಿಸಲು ವರ್ತಕರು ಒಪ್ಪಿದರು. ಶಿಥಿಲವಾದ ಗೋಡೆಯನ್ನು 1830ರ ದಶಕದಲ್ಲಿ ದುರಸ್ತಿಗೊಳಿಸಿದ್ದೂ ತುಪ್ಪ ಮೊದಲಾದ ಸರಕುಗಳ ಮೇಲೆ ವಿಧಿಸಿದ ಶೇಕಡ 1ರ ಹೆಚ್ಚುವರಿ ಸುಂಕದಿಂದಲೇ. ಅದಕ್ಕಾಗಿ ರಚಿತವಾದ ಸಮಿತಿಯೇ ಮುಂದೆ ನಗರಸಭೆಗೆ ಬೀಜವಾಯಿತು.

ಇಂದಿನ ಆತಂಕ

ಉಳ್ಳವರು ನದಿಯ ಪಶ್ಚಿಮ ದಡಕ್ಕೆ ವಲಸೆ ಹೋದಂತೆ ಅನೇಕ ಪೋಳ್ ಮನೆಗಳು ಗೋದಾಮುಗಳಾಗಿವೆ. ಬಾಡಿಗೆ ಬರುತ್ತದೆ ನಿಜ. ಆದರೆ ಭಾರಕ್ಕೆ ಹಳೆಯ ಮರದ ತೊಲೆಗಳು ನಲುಗುತ್ತವೆ, ಬೆಂಕಿಯ ಭಯ ಹೆಚ್ಚುತ್ತದೆ, ಕಿರಿದಾದ ಓಣಿಗಳಲ್ಲಿ ಸರಕು ವಾಹನಗಳು ಸಿಕ್ಕಿಕೊಳ್ಳುತ್ತವೆ. ಪಾರಂಪರಿಕ ಮನೆಯನ್ನು ಉಳಿಸಿಕೊಂಡ ಮಾಲೀಕನು ತನ್ನ ನಿರ್ಮಾಣ ಹಕ್ಕನ್ನು ನಗರದ ಬೇರೆಡೆಯ ಕಟ್ಟಡಕ್ಕೆ ಮಾರಬಹುದೆಂಬ ವ್ಯವಸ್ಥೆ ಅಲ್ಲಿದೆ. ಸಂರಕ್ಷಣೆಯಿಂದ ಮಾಲೀಕನಿಗೂ ಆದಾಯ ದೊರೆತರೆ ಮಾತ್ರ ಅದು ಬಾಳುತ್ತದೆಂಬ ವಿವೇಕ ಇದರ ಹಿಂದಿದೆ.

ಕೆಂಪೇಗೌಡರ ಬೆಂಗಳೂರು ಪೇಟೆಯೂ ಮಣ್ಣಿನ ಕೋಟೆ, ಕಂದಕಗಳ ನಡುವೆಯೇ ಬೆಳೆದುದು. ಅಕ್ಕಿಪೇಟೆ, ಬಳೆಪೇಟೆ, ತರಗುಪೇಟೆ ಎಂಬ ಹೆಸರುಗಳೇ ಕಸುಬುಗಳ ದಾಖಲೆ. ಕೋಟೆ ಹೋಯಿತು, ವ್ಯಾಪಾರ ಉಳಿಯಿತು, ಗೋದಾಮು, ಬೆಂಕಿ, ವಾಹನಗಳ ತೊಡಕು ಇಲ್ಲಿಯೂ ಅದೇ. ಪೇಟೆಯ ಹೊಣೆಯನ್ನು ವರ್ತಕರೇ ಹೊತ್ತ ನಗರವನ್ನು ನಡೆದು ನೋಡಿದವರಿಗೆ, ನಮ್ಮ ಪೇಟೆಗಾಗಿ ನಾವೇನು ಮಾಡಬೇಕೆಂಬ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ.