ಪತಂಗಕ್ಕೆ ದೀಪದ ಮೇಲೆ ಮೋಹವೇ?

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಜಗಲಿಯಲ್ಲಿ ದೀಪ ಹೊತ್ತಿಸಿದರೆ ಸಾಕು, ಎಲ್ಲಿಂದಲೋ ಹುಳುಗಳ ದಂಡು ಬಂದು ಮುತ್ತುತ್ತದೆ. ದೀಪದ ಕೆಳಗೆ ಅಗಲವಾದ ಪಾತ್ರೆಯಲ್ಲಿ ನೀರಿಡುವುದು, ಇಲ್ಲವೇ ದೀಪವನ್ನೇ ಆರಿಸಿ ಕತ್ತಲಲ್ಲಿ ಊಟ ಮುಗಿಸುವುದು ಹಳ್ಳಿಯ ಮನೆಗಳಲ್ಲಿ ಹಳೆಯ ರೂಢಿ. ಹಾಗೆ ಬರುವವುಗಳಲ್ಲಿ ಗೆದ್ದಲಿನ ರೆಕ್ಕೆಹುಳುಗಳದೇ ಬಹುಪಾಲು. ಆದರೆ ಕವಿಗಳ, ತತ್ತ್ವಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಮಾತ್ರ ಪತಂಗ.

ಭಗವದ್ಗೀತೆಯ 11ನೇ ಅಧ್ಯಾಯದಲ್ಲಿ ವಿಶ್ವರೂಪದ ಬಾಯಿಗೆ ನುಗ್ಗುವ ವೀರರನ್ನು ಉರಿಗೆ ಬೀಳುವ ಪತಂಗಗಳಿಗೆ ಹೋಲಿಸಲಾಗಿದೆ. ಭಾಗವತದ 11ನೇ ಸ್ಕಂಧದ ಅವಧೂತ ತನ್ನ 24 ಗುರುಗಳಲ್ಲಿ ಪತಂಗವನ್ನೂ ಎಣಿಸುತ್ತಾನೆ. ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಲೆಕ್ಕವನ್ನೇ ಒಪ್ಪಿಸುತ್ತದೆ: ಜಿಂಕೆ ಕಿವಿಯಿಂದ ಕೆಟ್ಟಿತು, ಆನೆ ಸ್ಪರ್ಶದಿಂದ, ಮೀನು ನಾಲಗೆಯಿಂದ, ದುಂಬಿ ಮೂಗಿನಿಂದ, ಪತಂಗ ಕಣ್ಣಿನಿಂದ. ಒಂದೊಂದೇ ಇಂದ್ರಿಯದಿಂದ ಇವು ಹೀಗೆ ಕೆಡುವುದಾದರೆ ಐದೂ ಇಂದ್ರಿಯಗಳುಳ್ಳ ಮನುಷ್ಯನ ಪಾಡೇನು ಎಂಬುದು ಅಲ್ಲಿನ ಪ್ರಶ್ನೆ. ಪಾರಸಿ ಮತ್ತು ಉರ್ದು ಕಾವ್ಯಗಳಲ್ಲಿ ಇದೇ ಪತಂಗ ಪ್ರೇಮಿಯಾಯಿತು, ದೀಪ ಪ್ರೇಯಸಿಯಾಯಿತು.

ನೀತಿಪಾಠವಾಗಿ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಪತಂಗದ ಬಗ್ಗೆ ಹೇಳಿದ ಮಾತಾಗಿ ನೋಡಿದರೆ ಎರಡು ದೋಷಗಳಿವೆ. ಪತಂಗ ಒಂದೇ ಇಂದ್ರಿಯದ ಜೀವಿಯಲ್ಲ. ಕೇಳುವ, ಮೂಸುವ, ರುಚಿ ನೋಡುವ ಕೆಲಸಗಳಲ್ಲಿ ಅದು ಮನುಷ್ಯನನ್ನೇ ಮೀರಿಸಬಲ್ಲದು. ಎರಡನೆಯದಾಗಿ, ಅದು ದೀಪಕ್ಕೆ ಮೋಹಗೊಂಡು ಬರುವುದೂ ಇಲ್ಲ.

ಚಿಟ್ಟೆ ಮತ್ತು ಪತಂಗಗಳದು ಒಂದೇ ವಂಶ. ರೆಕ್ಕೆಯ ಮೇಲೆ ಹುಡಿಯಂತಹ ಹೊರಪೆಗಳಿರುವ ಈ ಕೀಟಗಳಲ್ಲಿ ಹೆಚ್ಚಿನವು ರಾತ್ರಿ ಹಾರುವ ಪತಂಗಗಳು. ಹಗಲಿನ ಚಿಟ್ಟೆಗಳು ಆ ದೊಡ್ಡ ಮರದ ಒಂದು ಕೊಂಬೆ ಮಾತ್ರ. ಫ್ಲಾರಿಡಾ ವಿಶ್ವವಿದ್ಯಾಲಯದ ಅಕಿಟೊ ಕವಾಹಾರಾ ಮತ್ತು ಸಂಗಡಿಗರು 2019ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜೀನುಗಳನ್ನು ಹೋಲಿಸಿ ಈ ವಂಶಾವಳಿಯನ್ನು ಬರೆದರು. ಅದರಂತೆ ಪತಂಗಗಳ ಮೂಲ ಸುಮಾರು 30 ಕೋಟಿ ವರ್ಷಗಳಷ್ಟು ಹಿಂದಿನದು. ಚಿಟ್ಟೆಗಳು ಕವಲೊಡೆದದ್ದು ಸುಮಾರು 10 ಕೋಟಿ ವರ್ಷಗಳ ಹಿಂದೆ.

ಎರಡು ನರಕೋಶಗಳ ಕಿವಿ

ಇರುಳಿನಲ್ಲಿ ಪತಂಗದ ಬಹುದೊಡ್ಡ ಶತ್ರು ಬಾವಲಿ. ಕಣ್ಣು ಕಾಣದ ಬಾವಲಿಯೂ ತಂತಿಗಳ ನಡುವೆ ಸರಾಗವಾಗಿ ಹಾರುತ್ತದೆಂದು ಇಟಲಿಯ ಸ್ಪಲಾನ್‌ಜಾನಿ 1790ರ ದಶಕದಲ್ಲೇ ಕಂಡಿದ್ದ. ಅದರ ಗುಟ್ಟು ಬಯಲಾದದ್ದು 1938ರಲ್ಲಿ. ಹಾರ್ವರ್ಡ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್, ಭೌತವಿಜ್ಞಾನಿ ಪಿಯರ್ಸ್ ಅವರ ಯಂತ್ರದ ಮುಂದೆ ಬಾವಲಿಗಳನ್ನಿಟ್ಟಾಗ ಮನುಷ್ಯನ ಕಿವಿಗೆ ಕೇಳದ ಕೀರಲು ಧ್ವನಿ ದಾಖಲಾಯಿತು. ಬಾವಲಿ ಕೂಗುತ್ತದೆ, ಮರುದನಿಯಿಂದ ಬೇಟೆಯ ಜಾಗವನ್ನು ಅಳೆಯುತ್ತದೆ.

ಆ ಕೂಗು ಪತಂಗಕ್ಕೂ ಕೇಳುತ್ತದೆಂದು ವಿವರವಾಗಿ ತೋರಿಸಿದವರು ಅಮೆರಿಕದ ಕೆನೆತ್ ರೋಡರ್ ಮತ್ತು ಆಶರ್ ಟ್ರೀಟ್. ಪತಂಗಗಳ ಒಂದು ದೊಡ್ಡ ಗುಂಪಿನಲ್ಲಿ ಎದೆಯ ಎರಡು ಪಕ್ಕಗಳಲ್ಲಿ ಒಂದೊಂದು ಕಿವಿ. ಒಂದೊಂದು ಕಿವಿಯಲ್ಲಿ ಶಬ್ದ ಗ್ರಹಿಸುವ ನರಕೋಶಗಳು ಕೇವಲ ಎರಡು. ಒಂದು ಸೂಕ್ಷ್ಮ, ಇನ್ನೊಂದು ಮಂದ. ದೂರದ ಕೂಗಿಗೆ ಮೊದಲನೆಯದು ಮಾತ್ರ ಮಿಡಿಯುತ್ತದೆ, ಪತಂಗ ದಿಕ್ಕು ಬದಲಿಸಿ ಜಾರಿಕೊಳ್ಳುತ್ತದೆ. ಕೂಗು ತೀರ ಹತ್ತಿರದ್ದಾದರೆ ಎರಡನೆಯದೂ ಎಚ್ಚರಗೊಳ್ಳುತ್ತದೆ. ಆಗ ಲೆಕ್ಕಾಚಾರಕ್ಕೆ ಸಮಯವಿಲ್ಲ. ಪತಂಗ ಗಿರಕಿ ಹೊಡೆಯುತ್ತದೆ, ಇಲ್ಲವೇ ರೆಕ್ಕೆ ಮಡಚಿ ಕಲ್ಲಿನಂತೆ ನೆಲಕ್ಕೆ ಬೀಳುತ್ತದೆ. ಮನುಷ್ಯನ ಒಂದು ಕಿವಿಯಲ್ಲಿ ಇಂತಹ ಕೋಶಗಳು ಸಾವಿರಗಟ್ಟಲೆ ಇವೆ ಎಂಬುದನ್ನು ನೆನೆದರೆ ಈ ಮಿತವ್ಯಯದ ಬೆಲೆ ತಿಳಿಯುತ್ತದೆ. ಕೆಲವು ಹುಲಿಪತಂಗಗಳಂತೂ ಓಡುವುದಷ್ಟೇ ಅಲ್ಲ, ತಾವೂ ಟಿಕ್ ಟಿಕ್ ಎಂದು ಪ್ರತಿಧ್ವನಿ ಎಬ್ಬಿಸಿ ಬಾವಲಿಯ ಲೆಕ್ಕವನ್ನೇ ಕೆಡಿಸುತ್ತವೆ ಎಂಬುದು 2009ರಲ್ಲಿ ಸಿದ್ಧವಾಯಿತು.

ಹಾಗಾದರೆ ಬಾವಲಿಯ ಕಾಟದಿಂದಲೇ ಪತಂಗಕ್ಕೆ ಕಿವಿ ಮೂಡಿತೇ? ದಶಕಗಳ ಕಾಲ ವಿಜ್ಞಾನಿಗಳು ಹಾಗೆಯೇ ನಂಬಿದ್ದರು. ಬಾವಲಿಗೆ ಹೆದರಿ ಹಗಲಿಗೆ ಓಡಿಬಂದ ಪತಂಗಗಳೇ ಚಿಟ್ಟೆಗಳಾದವು ಎಂಬ ಚಂದದ ಊಹೆಯೂ ಇತ್ತು. 2019ರ ವಂಶಾವಳಿ ಎರಡನ್ನೂ ಅಲ್ಲಗಳೆಯಿತು. ಬಾವಲಿಯ ಅತಿ ಹಳೆಯ ಪಳೆಯುಳಿಕೆಗಳು ಸುಮಾರು 5 ಕೋಟಿ 20 ಲಕ್ಷ ವರ್ಷಗಳಷ್ಟು ಹಳೆಯವು. ಪತಂಗಗಳ ಹಲವು ಶಾಖೆಗಳಲ್ಲಿ ಕಿವಿ ಅದಕ್ಕೂ ಬಹಳ ಮೊದಲೇ, ಬೇರೆ ಬೇರೆಯಾಗಿ ಹುಟ್ಟಿತ್ತು. ಚಿಟ್ಟೆಗಳಂತೂ ಅದಕ್ಕಿಂತ ಎಷ್ಟೋ ಮೊದಲೇ ಹಗಲಿಗೆ ಬಂದಿದ್ದವು. ಬೇರಾವುದೋ ಸದ್ದು ಕೇಳಲು ಇದ್ದ ಕಿವಿ, ಬಾವಲಿ ಬಂದ ಮೇಲೆ ಅದರ ಕೂಗಿಗೆ ಶ್ರುತಿಗೊಂಡಿತು. ಜೀವವಿಕಾಸ ಹೊಸ ಸಾಮಾನು ತರುವುದು ಅಪರೂಪ, ಮನೆಯಲ್ಲಿ ಇದ್ದುದನ್ನೇ ಹೊಸ ಕೆಲಸಕ್ಕೆ ಹಚ್ಚುವುದೇ ಅದರ ಪದ್ಧತಿ.

ಮೂಗು ಮೀಸೆಯಲ್ಲಿ, ನಾಲಗೆ ಕಾಲಿನಲ್ಲಿ

ಫ್ರಾನ್ಸಿನ ಕೀಟಶಾಸ್ತ್ರಜ್ಞ ಫಾಬ್ರೆಯ ಮನೆಯಲ್ಲಿ ಒಂದು ಬೆಳಿಗ್ಗೆ ದೊಡ್ಡ ಜಾತಿಯ ಹೆಣ್ಣು ಪತಂಗವೊಂದು ಗೂಡಿನಿಂದ ಹೊರಬಂತು. ಆತ ಅದನ್ನು ತಂತಿಬಲೆಯ ಪಂಜರದಲ್ಲಿಟ್ಟ. ಆ ರಾತ್ರಿ ಕತ್ತಲನ್ನು ಸೀಳಿಕೊಂಡು ಸುಮಾರು 40 ಗಂಡು ಪತಂಗಗಳು ಮನೆಗೆ ನುಗ್ಗಿದವು. ಹೆಣ್ಣನ್ನು ಗಾಳಿಯಾಡದಂತೆ ಮುಚ್ಚಿಟ್ಟಾಗ ಒಂದೂ ಬರಲಿಲ್ಲ. ಕರೆದದ್ದು ರೂಪವಲ್ಲ, ವಾಸನೆ.

ಆ ವಾಸನೆಯ ವಸ್ತುವನ್ನು ಹಿಡಿಯಲು ಜರ್ಮನಿಯ ಬುಟೆನಾಂಟ್ ಮತ್ತು ಸಂಗಡಿಗರಿಗೆ ಎರಡು ದಶಕ ಬೇಕಾಯಿತು. ಅವರು ಆರಿಸಿಕೊಂಡದ್ದು ರೇಷ್ಮೆಯ ಪತಂಗವನ್ನು. ಸುಮಾರು 5 ಲಕ್ಷ ಹೆಣ್ಣು ಪತಂಗಗಳಿಂದ ಕೆಲವೇ ಮಿಲಿಗ್ರಾಂ ವಸ್ತು ಸಿಕ್ಕಿತು. 1959ರಲ್ಲಿ ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ಇಂತಹ ವಸ್ತುಗಳಿಗೆ ಫೆರೊಮೋನ್ ಎಂಬ ಹೆಸರು ಬಂದದ್ದೂ ಅದೇ ವರ್ಷ. ಗಂಡಿನ ಗರಿಯಂತಹ ಮೀಸೆಯಲ್ಲಿ ಒಂದೇ ಒಂದು ಅಣು ತಾಗಿದರೂ ನರಕೋಶ ಮಿಡಿಯುತ್ತದೆ. ಈ ತಿಳಿವಳಿಕೆ ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. ಹತ್ತಿಯ ಗುಲಾಬಿ ಕಾಯಿಕೊರಕ, ಬದನೆಯ ಕಾಯಿಕೊರಕ ಇವುಗಳ ಗಂಡು ಪತಂಗಗಳನ್ನು ಹಿಡಿಯಲು ರೈತರು ಹೊಲಗಳಲ್ಲಿ ಕಟ್ಟುವ ಮೋಹಕ ಬಲೆಗಳು ಇದೇ ವಿದ್ಯೆಯ ಫಲ.

ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿನ ಹುಳುವಿನ ಕಥೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಸುಮಾರು 5,000 ವರ್ಷಗಳಿಂದ ಮನುಷ್ಯನ ತಟ್ಟೆಯಲ್ಲೇ ಬೆಳೆದ ಈ ಜೀವಿ ಹಾರುವುದನ್ನು ಮರೆತಿದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಕಾಡಿನ ಪೂರ್ವಜನೊಂದಿಗೆ ಹೋಲಿಸಿ ನೋಡಿತು. ಸುತ್ತಲಿನ ಗಿಡಮರಗಳ ವಾಸನೆ ಗ್ರಹಿಸುವ ಶಕ್ತಿ ಸಾಕಿದ ಹುಳುವಿನಲ್ಲಿ ಕುಂದಿತ್ತು. ಹೆಣ್ಣುಗಳಲ್ಲಿ ವಾಸನೆಯ ರೋಮಗಳೇ ಕಡಿಮೆಯಾಗಿದ್ದವು. ಆದರೆ ಸಂಗಾತಿಯ ವಾಸನೆ ಹಿಡಿಯುವ ಗಂಡಿನ ಶಕ್ತಿ ಮಾತ್ರ ಉಳಿದಿತ್ತು. ಎಲೆ ಹುಡುಕುವ ಕೆಲಸವನ್ನು ಮನುಷ್ಯ ವಹಿಸಿಕೊಂಡ. ಜೋಡಿ ಹುಡುಕುವ ಕೆಲಸ ಹುಳುವಿಗೇ ಉಳಿಯಿತು. ಬಳಸದ ಇಂದ್ರಿಯ ಸವೆಯುತ್ತದೆ, ಬಳಸುವುದು ಉಳಿಯುತ್ತದೆ.

ರುಚಿಯ ವಿಷಯಕ್ಕೆ ಬಂದರೆ ಹಿತ್ತಲಿನ ಕರಿಬೇವಿನ ಗಿಡವನ್ನು ನೋಡಿದರೆ ಸಾಕು. ಕಪ್ಪು ರೆಕ್ಕೆಯ ಕಾಮನ್ ಮಾರ್ಮನ್ ಚಿಟ್ಟೆ ಎಲೆಯ ಮೇಲೆ ಕುಳಿತು ಮುಂಗಾಲುಗಳಿಂದ ತಬಲಾ ಬಾರಿಸಿದಂತೆ ಬಡಿಯುತ್ತದೆ. ಅದು ಆಟವಲ್ಲ, ರುಚಿಪರೀಕ್ಷೆ. ಕಾಲಿನ ತುದಿಯಲ್ಲಿರುವ ರೋಮಗಳಿಂದ ಎಲೆಯ ರಸವನ್ನು ಪರೀಕ್ಷಿಸಿ, ಇದು ಕರಿಬೇವೋ ನಿಂಬೆಯೋ ಎಂದು ಖಾತ್ರಿಯಾದ ಮೇಲೆ ಮೊಟ್ಟೆಯಿಡುತ್ತದೆ. ತಪ್ಪಿದರೆ ಮರಿಗಳಿಗೆ ಉಪವಾಸವೇ ಗತಿ. ಇದೇ ಬಳಗದ ಜಪಾನಿನ ಚಿಟ್ಟೆಯೊಂದರ ಕಾಲಿನಲ್ಲಿ ನಿಂಬೆಜಾತಿಯ ಗಿಡಗಳ ಸಿನೆಫ್ರಿನ್ ಎಂಬ ವಸ್ತುವನ್ನು ಗುರುತಿಸುವ ಗ್ರಾಹಕವನ್ನು ಅಲ್ಲಿನ ವಿಜ್ಞಾನಿಗಳು 2011ರಲ್ಲಿ ಪತ್ತೆ ಮಾಡಿದರು.

ಬಣ್ಣದ ವಿಷಯದಲ್ಲೂ ಸೋಜಿಗಗಳಿಗೆ ಬರವಿಲ್ಲ. ಮನುಷ್ಯನ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆಯವು. ಬ್ಲೂಬಾಟಲ್ ಚಿಟ್ಟೆಯ ಕಣ್ಣಿನಲ್ಲಿ ಬೆಳಕು ಗ್ರಹಿಸುವ ಕೋಶಗಳು 15 ಬಗೆ ಎಂದು 2016ರಲ್ಲಿ ತಿಳಿಯಿತು. ಎಲ್ಲ ಬೆಕ್ಕೂ ಕಪ್ಪಾಗಿ ಕಾಣುವ ನಕ್ಷತ್ರದ ಬೆಳಕಿನಲ್ಲೂ ಒಂದು ಜಾತಿಯ ಗಿಡುಗಪತಂಗ ಹೂವಿನ ಬಣ್ಣವನ್ನು ಗುರುತಿಸಬಲ್ಲದೆಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದರು.

ಪುಟ್ಟ ಮಿದುಳು, ದೊಡ್ಡ ನೆನಪು

ಇಷ್ಟೆಲ್ಲ ಸುದ್ದಿಯನ್ನು ಕೂಡಿಸಿ ನೋಡುವ ಮಿದುಳು ಹೆಚ್ಚೆಂದರೆ ಸಾಸಿವೆ ಕಾಳಿನಷ್ಟು. ಆದರೂ ಅದಕ್ಕೆ ಕಲಿಯುವುದು ಗೊತ್ತು. 2008ರಲ್ಲಿ ಅಮೆರಿಕದ ಸಂಶೋಧಕರು ಕಂಬಳಿಹುಳುಗಳಿಗೆ ಒಂದು ವಾಸನೆ ತೋರಿಸಿ ಜೊತೆಗೇ ಸಣ್ಣ ವಿದ್ಯುತ್ ಆಘಾತ ಕೊಟ್ಟರು. ಬೆಳೆದ ಹುಳುಗಳು ಕೋಶದೊಳಗೆ ಕರಗಿ, ಮರುರೂಪ ತಳೆದು ಪತಂಗಗಳಾಗಿ ಹೊರಬಂದ ಮೇಲೂ ಆ ವಾಸನೆಯಿಂದ ದೂರ ಸರಿದವು. ದೇಹ ಬದಲಾದರೂ ನೆನಪು ದಾಟಿಬಂದಿತ್ತು.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳ ಹೆಲಿಕೋನಿಯಸ್ ಚಿಟ್ಟೆಗಳು ಮಕರಂದದ ಜೊತೆ ಪರಾಗವನ್ನೂ ತಿನ್ನುತ್ತವೆ. ಹೀಗಾಗಿ ವಾರಗಳ ಬದಲು ತಿಂಗಳುಗಟ್ಟಲೆ ಬದುಕುತ್ತವೆ. ಆದರೆ ಪರಾಗದ ಹೂಗಳು ಅಲ್ಲೊಂದು ಇಲ್ಲೊಂದು. ಯಾವ ಬಳ್ಳಿ ಎಲ್ಲಿದೆ ಎಂದು ನೆನಪಿಟ್ಟು ದಿನವೂ ಅದೇ ಹಾದಿಯಲ್ಲಿ ಸುತ್ತಬೇಕು. ಅವುಗಳ ಮಿದುಳಿನಲ್ಲಿ ಕಲಿಕೆ ಮತ್ತು ನೆನಪಿಗೆ ಸಂಬಂಧಿಸಿದ ಅಣಬೆಯಾಕಾರದ ಭಾಗ ಹತ್ತಿರದ ಬಂಧುಗಳಿಗಿಂತ ಹಲವು ಪಟ್ಟು ದೊಡ್ಡದು ಎಂದು 2023ರ ಅಧ್ಯಯನ ದೃಢಪಡಿಸಿತು. ಊಟದ ಕ್ರಮ ಬದಲಾದದ್ದು ಮಿದುಳನ್ನೂ ಬದಲಿಸಿತು ಎನ್ನಬಹುದು.

ಆಸ್ಟ್ರೇಲಿಯದ ಬೊಗಾಂಗ್ ಪತಂಗದ ಸಾಹಸ ಇನ್ನೊಂದು ಬಗೆಯದು. ಬೇಸಗೆಯ ಬಿಸಿಯಿಂದ ಪಾರಾಗಲು ಅದು ಇರುಳಿನಲ್ಲಿ ಸುಮಾರು 1,000 ಕಿಲೋಮೀಟರ್ ಹಾರಿ ಹಿಂದೆಂದೂ ಕಾಣದ ಬೆಟ್ಟದ ಗುಹೆಗಳನ್ನು ಸೇರುತ್ತದೆ. ಭೂಮಿಯ ಕಾಂತತ್ವದ ಜೊತೆಗೆ ನಕ್ಷತ್ರಗಳ ಆಕಾಶವನ್ನೂ ನೋಡಿ ಅದು ದಿಕ್ಕು ಹಿಡಿಯುತ್ತದೆಂದು 2025ರಲ್ಲಿ ಸಿದ್ಧಪಡಿಸಲಾಯಿತು.

ದೀಪಕ್ಕೆ ಬೆನ್ನು

ನಕ್ಷತ್ರ ನೋಡಿ ದಾರಿ ಹಿಡಿಯಬಲ್ಲ ಇಂತಹ ಜೀವಿಗಳು ಬೀದಿದೀಪದ ಸುತ್ತ ಸುತ್ತಿ ಸಾಯುವುದೇಕೆ? ದೀಪವನ್ನು ಚಂದ್ರನೆಂದು ಭ್ರಮಿಸಿ ದಾರಿ ತಪ್ಪುತ್ತವೆ ಎಂಬ ವಿವರಣೆ ಬಹುಕಾಲ ಚಲಾವಣೆಯಲ್ಲಿತ್ತು. 2024ರಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಸಂಗಡಿಗರು ಅತಿವೇಗದ ಕ್ಯಾಮೆರಾಗಳಿಂದ ಕೀಟಗಳ ಹಾರಾಟವನ್ನು ಸೆರೆಹಿಡಿದು ನೋಡಿದಾಗ ಬೇರೆಯೇ ಚಿತ್ರ ಕಂಡಿತು. ಕೀಟಗಳು ದೀಪದತ್ತ ನೇರವಾಗಿ ಹಾರುತ್ತಿರಲಿಲ್ಲ. ಹಾರುತ್ತ ಹಾರುತ್ತ ದೀಪಕ್ಕೆ ಬೆನ್ನು ತಿರುಗಿಸುತ್ತಿದ್ದವು.

ಕಾರಣ ಸರಳ. ಗಾಳಿಯಲ್ಲಿ ತಿರುಗಿ ಮುರುಗಿ ಹಾರುವ ಪುಟ್ಟ ಜೀವಿಗೆ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುವುದು ಸುಲಭವಲ್ಲ. ಕೋಟ್ಯಂತರ ವರ್ಷಗಳಿಂದ ಅದಕ್ಕೆ ಒಂದೇ ಗುರುತು: ರಾತ್ರಿಯಲ್ಲೂ ನೆಲಕ್ಕಿಂತ ಆಕಾಶ ಬೆಳಕಾಗಿರುತ್ತದೆ. ಬೆಳಕಿಗೆ ಬೆನ್ನು ಕೊಟ್ಟರೆ ದೇಹ ನೆಟ್ಟಗೆ ನಿಂತಂತೆ. ಆ ನಂಬಿಕೆ ಎಂದೂ ಕೈಕೊಟ್ಟಿರಲಿಲ್ಲ. ಮನುಷ್ಯ ದೀಪ ಹಚ್ಚಿದ ಮೇಲೆ ಕೊಟ್ಟಿತು. ಪಕ್ಕದಲ್ಲಿ ದೀಪವಿದ್ದರೆ ದೇಹ ವಾಲಿ ಹಾರಾಟ ಸುತ್ತಾಗುತ್ತದೆ. ದೀಪ ಕೆಳಗಿದ್ದರೆ ಹುಳು ಮಗುಚಿ ದೊಪ್ಪನೆ ಬೀಳುತ್ತದೆ. ಎಲ್ಲ ಪತಂಗಗಳೂ ಹೀಗಲ್ಲ. ಕಣಗಿಲೆಯ ಎಲೆ ತಿಂದು ಬೆಳೆಯುವ ಗಿಡುಗಪತಂಗ ಆ ಪ್ರಯೋಗಗಳಲ್ಲಿ ದೀಪದ ಮೇಲೆಯೇ ಮಗುಚದೆ ಹಾರಿಹೋಯಿತು. ಅಂತೂ ಬಹುಪಾಲು ಪತಂಗಗಳನ್ನು ಕೊಲ್ಲುವುದು ಆಸೆಯಲ್ಲ, ಆಕಾಶದ ಮೇಲಿನ ಭರವಸೆ.

ಇದರ ಪರಿಣಾಮ ಸತ್ತ ಹುಳುಗಳ ಲೆಕ್ಕಕ್ಕೆ ಮುಗಿಯುವುದಿಲ್ಲ. ಸ್ವಿಟ್ಜರ್‌ಲೆಂಡಿನ ಹುಲ್ಲುಗಾವಲುಗಳಲ್ಲಿ ಬೀದಿದೀಪ ಹಾಕಿ ನೋಡಿದಾಗ ಹೂಗಳಿಗೆ ಬರುವ ಇರುಳಿನ ಕೀಟಗಳ ಭೇಟಿ ಶೇ 62ರಷ್ಟು ಇಳಿಯಿತೆಂದು 2017ರಲ್ಲಿ ವರದಿಯಾಯಿತು. ಅಲ್ಲಿನ ಒಂದು ಗಿಡದಲ್ಲಿ ಕಾಯಿಕಟ್ಟುವುದೂ ಕಡಿಮೆಯಾಯಿತು. ಹಗಲಿನ ಕೀಟಗಳು ಆ ನಷ್ಟವನ್ನು ತುಂಬಿಕೊಡಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಬಾಸೆಲ್ ವಿಶ್ವವಿದ್ಯಾಲಯದ ಏಬರ್ಟ್ ಮತ್ತು ಜೂರಿಕ್‌ನ ಆಲ್ಟರ್‌ಮಾಟ್ ಇನ್ನೊಂದು ಸಂಗತಿಯನ್ನು ಕಂಡಿದ್ದರು. ಬೆಳಕಿನ ಊರುಗಳಿಂದಲೂ ಕತ್ತಲ ಹಳ್ಳಿಗಳಿಂದಲೂ ಒಂದೇ ಜಾತಿಯ ಪತಂಗದ ಮರಿಗಳನ್ನು ತಂದು ಒಂದೇ ರೀತಿಯಲ್ಲಿ ಸಾಕಿದಾಗ, ಊರಿನ ಪತಂಗಗಳು ದೀಪಕ್ಕೆ ಹಾರುವುದು ಸುಮಾರು ಶೇ 30ರಷ್ಟು ಕಡಿಮೆಯಿತ್ತು. ದೀಪಕ್ಕೆ ಹಾರಿದವು ಸತ್ತವು, ಹಾರದವುಗಳ ಸಂತಾನ ಉಳಿಯಿತು. ವಿಕಾಸ ಕಣ್ಣೆದುರೇ ನಡೆದಿತ್ತು. ಸಮಾಧಾನದ ಸುದ್ದಿಯೆಂದು ತೋರಿದರೂ ಅದಕ್ಕೆ ಬೆಲೆಯಿದೆ. ಕಡಿಮೆ ಹಾರುವ ಪತಂಗ ಜೋಡಿಯನ್ನೂ ಹೂವನ್ನೂ ಕಡಿಮೆ ಕಾಣುವ ಸಾಧ್ಯತೆಯಿದೆ. ರೇಷ್ಮೆಯ ಹುಳುವಿನಂತೆ ಕಾಡಿನ ಪತಂಗವೂ ಮನುಷ್ಯನ ಅಂಗಳಕ್ಕೆ ತಕ್ಕಂತೆ ಕುಗ್ಗತೊಡಗಿದೆ ಎನ್ನಬೇಕು. ಒಂದೇ ವ್ಯತ್ಯಾಸವೆಂದರೆ ಇದನ್ನು ಯಾರೂ ಎಲೆ ಹಾಕಿ ಸಾಕುತ್ತಿಲ್ಲ.

ಪರಿಹಾರ ದುಬಾರಿಯದೇನಲ್ಲ. ಬೀದಿದೀಪದ ಬೆಳಕು ಮೇಲಕ್ಕೂ ಪಕ್ಕಕ್ಕೂ ಚೆಲ್ಲದಂತೆ ಮರೆ ಕಟ್ಟುವುದು, ನೀಲಿಛಾಯೆಯ ಬಿಳಿ ದೀಪದ ಬದಲು ಹಳದಿ ದೀಪ ಬಳಸುವುದು, ಯಾರೂ ಇಲ್ಲದ ಹೊತ್ತಿನಲ್ಲಿ ಆರಿಸುವುದು ಇಷ್ಟೇ. ಮಳೆಗಾಲದ ಸಂಜೆ ದೀಪ ಆರಿಸಿ ಊಟ ಮುಗಿಸುತ್ತಿದ್ದ ಹಳ್ಳಿಯ ಮನೆಗಳು ಅರ್ಧ ಪರಿಹಾರವನ್ನು ಆಗಲೇ ಕಂಡುಕೊಂಡಿದ್ದವು. ಅಲ್ಲಿ ಉದ್ದೇಶ ಅನ್ನದ ತಟ್ಟೆಗೆ ಹುಳು ಬೀಳಬಾರದೆಂಬುದಷ್ಟೇ ಆಗಿತ್ತು. ಹುಳುವಿಗೂ ಅದರಿಂದ ಆಕಾಶ ಮರಳಿ ಸಿಗುತ್ತಿತ್ತು.